ಮಾತಿನ ಮೂಲ: ಸಿಮೆಂಟು

ಕಾಳಗಿ, ಸೇಡಂ, ಚಿತ್ತಾಪುರಗಳ ಕಡೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದಿನ ಹಾಸುಗಲ್ಲುಗಳನ್ನು ಹೊಂದಿಸಿ, ಸಂದುಗಳಿಗೆ ಸಿಮೆಂಟು ತುಂಬುವುದು ವಾಡಿಕೆಯಷ್ಟೆ. ಕಲ್ಲು ಬೇರೆ, ಅದನ್ನು ಹಿಡಿದಿಡುವ ಗಾರೆ ಬೇರೆ ಎಂದು ನಾವು ತಿಳಿದಿರುವೆವು. ಆದರೆ ಸಿಮೆಂಟೆಂಬುದು ಮೊದಲಿಗೆ ಕಲ್ಲಿನ ಹೆಸರೇ ಆಗಿದ್ದಿತೆಂದರೆ ವಾಚಕರಿಗೆ ಸೋಜಿಗವಾಗದಿರದು.

ಈ ಮಾತು ನಮಗೆ ಇಂಗ್ಲಿಷಿನಿಂದ ಬಂದುದು. ಇಂಗ್ಲಿಷಿಗೆ ಸುಮಾರು 1300ರ ವೇಳೆಗೆ ಹಳೆಯ ಫ್ರೆಂಚಿನಿಂದ ಬಂದಿತು. ಫ್ರೆಂಚಿಗೆ ಮೂಲವು ಲ್ಯಾಟಿನಿನ ‘ಕೈಮೆಂಟುಂ’. ಅದರ ಮೊದಲ ಕಕಾರವು ಕಾಲಕ್ರಮದಲ್ಲಿ ಸಕಾರವಾಯಿತು. ಲ್ಯಾಟಿನಿನಲ್ಲಿ ‘ಕೈದೆರೆ’ ಎಂದರೆ ಕಡಿಯುವುದು. ಅದರಿಂದ ಹುಟ್ಟಿದ ‘ಕೈಮೆಂಟುಂ’ ಎಂಬುದಕ್ಕೆ ಗಣಿಯಿಂದ ಕಡಿದು ತೆಗೆದ ಒರಟು ಕಲ್ಲು, ಕಲ್ಲಿನ ಚಕ್ಕೆ ಎಂದು ಅರ್ಥ. ರೋಮನರು ಇಂತಹ ಚಕ್ಕೆಗಳನ್ನು ಸುಣ್ಣದ ಗಾರೆಯೊಡನೆ ಸೇರಿಸಿ ಗೋಡೆ ಕಮಾನುಗಳನ್ನು ಕಟ್ಟುತ್ತಿದ್ದರು. ಕಲ್ಲಿನ ಚೂರು, ಹೆಂಚಿನ ಪುಡಿ ಬೆರೆತ ಗಾರೆಗೆ ಬರಬರುತ್ತ ಚಕ್ಕೆಯ ಹೆಸರೇ ನಿಂತಿತು. ಕಲ್ಲುಕುಟಿಗನ ಉಳಿಗೆ ಇಂಗ್ಲಿಷರು ಹೇಳುವ ‘ಚಿಸೆಲ್’, ಹೊಲಿಗೆಯ ಪೆಟ್ಟಿಗೆಯಲ್ಲಿರುವ ಕತ್ತರಿಗೆ ಹೇಳುವ ‘ಸಿಸರ್ಸ್’ ಇವೂ ಅದೇ ಧಾತುವಿನ ಮಕ್ಕಳು.

1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬವನು ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಸುಟ್ಟು ಮಾಡಿದ ಪುಡಿಗೆ ಪೇಟೆಂಟು ಪಡೆದನು. ಗಟ್ಟಿಯಾದ ಮೇಲೆ ಅದು ಪೋರ್ಟ್‌ಲೆಂಡಿನ ಕಟ್ಟಡದ ಕಲ್ಲನ್ನು ಹೋಲುವುದೆಂದು ಅದಕ್ಕೆ ‘ಪೋರ್ಟ್‌ಲೆಂಡ್ ಸಿಮೆಂಟು’ ಎಂದು ಹೆಸರಿಟ್ಟನು. ಹೀಗೆ ಆ ಹೆಸರಿನೊಳಕ್ಕೆ ಕಲ್ಲು ಮರಳಿ ಬಂದಿತು.

ನಮ್ಮ ನಾಡಿನಲ್ಲಿ ಇವೆರಡರ ನಂಟು ಕಣ್ಣಿಗೇ ಕಾಣುವುದು. ಶಹಾಬಾದಿನ ಹಾಸುಗಲ್ಲು ಭೀಮಾ ಸೀಮೆಯ ಸುಣ್ಣಕಲ್ಲು; ಪದರಪದರವಾಗಿ ಬಿಡುವುದರಿಂದ ನೆಲಹಾಸಿಗೆ ಒದಗಿತು. ವಾಡಿ, ಸೇಡಂಗಳ ಕಾರ್ಖಾನೆಗಳಲ್ಲಿ ಅದೇ ಸೀಮೆಯ ಸುಣ್ಣಕಲ್ಲು ಪುಡಿಯಾಗಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು, ತುಸು ಜಿಪ್ಸಮ್ಮಿನೊಡನೆ ಅರೆದು ಸಿಮೆಂಟಾಗುವುದು. ಹಾಸಿದ ಕಲ್ಲೂ ಸಂದಿನ ಸಿಮೆಂಟೂ ಒಡಹುಟ್ಟಿದವೆಂದರೆ ತಪ್ಪಾಗದು.

ಮನೆ ಕಟ್ಟಿಸುವವರು ಸಿಮೆಂಟಿನ ಚೀಲಗಳನ್ನು ಎಣಿಸಿ ಬರೆದಿಡುವರು. ಬಿಸಿಲಿನಲ್ಲಿ, ಧೂಳಿನಲ್ಲಿ ಕುಳಿತು ಕಲ್ಲು ಕಡಿದವರ ಶ್ರಮವು ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಆದರೂ ನಾವು ಸಿಮೆಂಟು ಎಂದಾಗಲೆಲ್ಲ, ಅರಿತೋ ಅರಿಯದೆಯೋ, ಆ ಕಡಿಯುವ ಕೆಲಸವನ್ನೇ ಹೆಸರಿಸುತ್ತಿರುವೆವು. ಮಕ್ಕಳು ಈ ಮಾತಿನ ಅರ್ಥವನ್ನು ಕೇಳಿದಾಗ ಹಿರಿಯರು ಇಷ್ಟನ್ನು ಸೇರಿಸಿ ಹೇಳಿದರೆ ಒಳಿತು.