ಮೊದಲು ಆ ಪೈಪ್ ಬಂದ್ ಮಾಡಿ
"ಶೆಡ್ ಇಲ್ಲದ ಕಾರಿಗೆ ವ್ಯಾಕ್ಸ್ ಹಾಕಿ ಏನು ಪ್ರಯೋಜನ?" ನಾನು ಮಂಗಳೂರಿಗೆ ಬಂದಾಗಲೆಲ್ಲ ಭಾವ ಕೇಳುತ್ತಾರೆ. ಕೇಳುವಾಗ ಅವರ ಕೈಯಲ್ಲಿ ಪೈಪ್, ನೀರು ಗೇಟಿನಾಚೆ ರಸ್ತೆಗೆ. ನಿಮಿಷಕ್ಕೆ 10 ಲೀಟರ್ ಅಂದರೂ ಅರ್ಧ ಗಂಟೆಗೆ 300 ಲೀಟರ್ ಆಯಿತಲ್ಲ ಮಾರಾಯ್ರೇ!

ಉಮರ್ಗಾದಲ್ಲಿ ಬಾಪನ ಅಂಗಡಿ ಹೈದರಾಬಾದ್ ಹೆದ್ದಾರಿ ಬದಿಯಲ್ಲಿ. ನಮ್ಮ ಕಾರಿಗೆ ಬೇವಿನ ಮರವೇ ಶೆಡ್. ನಿಲಂಗಾ, ಉದ್ಗೀರ್‌ಗೆ ವಸೂಲಿಗೆ ಹೋಗಿ ಬಂದರೆ ಬಣ್ಣ ಕಾಣದಷ್ಟು ಧೂಳು. ಆ ಎರಡು ತಾಲೂಕುಗಳ ಜಿಲ್ಲಾ ಕೇಂದ್ರ ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ರೈಲಿನಲ್ಲಿ ನೀರು ತಂದರು. ಅದನ್ನು ಕಂಡ ಮೇಲೆ ಪೈಪ್ ಹಿಡಿಯಲು ಕೈ ಬರುವುದಿಲ್ಲ.

ಹಾಗಂತ ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಧೂಳಿನೊಳಗಿನ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೊದಲು ಮಗ್ಗಿನಲ್ಲಿ ನೀರು ಹೊಯ್ದು ಧೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್ ಸಾಕು: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸಲು. ಬಟ್ಟೆ ಒಗೆಯುವ ಪುಡಿ ಬೇಡ, ಅದು ಇದ್ದ ವ್ಯಾಕ್ಸನ್ನೂ ತೆಗೆಯುತ್ತದೆ. ಬಿಸಿಲೇರುವ ಮುಂಚೆ, ಬಾನೆಟ್ ತಣ್ಣಗಿರುವಾಗ, ಒಂದೊಂದೇ ಭಾಗಕ್ಕೆ ತೆಳ್ಳಗೆ ವ್ಯಾಕ್ಸ್ ಹಚ್ಚಿ ಒರೆಸಿ. ಬಿಸಿ ತಗಡಿಗೆ ಹಚ್ಚಿದರೆ ಕಚ್ಚಿಕೊಳ್ಳುತ್ತದೆ. ಭುಜ ನೋಯುವುದೊಂದೇ ಲಾಭ. ಗಾಳಿ ಎದ್ದರೆ ಆ ದಿನಕ್ಕೆ ನಿಲ್ಲಿಸಿ.

ಬಿಸಿಲಲ್ಲಿ ನಿಲ್ಲುವ ಕಾರಿಗೇ ವ್ಯಾಕ್ಸ್ ಹೆಚ್ಚು ಬೇಕು, ಭಾವ. ಅದಿದ್ದರೆ ಧೂಳು ಬೇಗ ಬಿಡುತ್ತದೆ, ನೀರೂ ಉಳಿಯುತ್ತದೆ. ಶೆಡ್ಡಿನೊಳಗಿನ ನಿಮ್ಮ ಕಾರಿಗೆ ವಾರವಾರ 300 ಲೀಟರ್ ಯಾಕೆ? 2019ರ ಮೇ ತಿಂಗಳಲ್ಲಿ ತುಂಬೆಯ ನೀರು ಇಳಿದು ಮಂಗಳೂರಿನಲ್ಲೇ ರೇಷನಿಂಗ್ ಆದಾಗ ನಿಮ್ಮ ಮನೆಯ ನಲ್ಲಿಯೂ ಒಣಗಿತ್ತಲ್ಲ?