ಸಂಬಳವಿಲ್ಲದ ಆಟವನ್ನೂ ಬಿಡದೆ ಆಡುವವರು

ನೆದರ್ಲೆಂಡ್ಸ್‌ನ ಬೀಚ್ ಹ್ಯಾಂಡ್‌ಬಾಲ್ ಆಟಗಾರ್ತಿಯರ ಬಗ್ಗೆ ಮಾತು ತೆಗೆದಾಗಲೆಲ್ಲ ನನ್ನ ಗೆಳತಿಯರು ಕೇಳುವ ಮೊದಲ ಪ್ರಶ್ನೆ, ‘ಅವರಿಗೆ ಎಷ್ಟು ಸಂಬಳ ಕೊಡ್ತಾರೆ?’ ಉತ್ತರ ಕೇಳಿ ಯಾರೂ ನಂಬುವುದಿಲ್ಲ. ಈ ಆಟ ಆಡಿಯೇ ಮನೆ ನಡೆಸಬಹುದಾದಂಥ ಲೀಗ್ ಅಲ್ಲಿ ಇಲ್ಲ. ದೇಶದ ಪರ ಆಡುವವರೂ ಒಂದೋ ಓದುತ್ತಿರುತ್ತಾರೆ, ಇಲ್ಲವೇ ಎಲ್ಲೋ ಕೆಲಸ ಮಾಡುತ್ತಿರುತ್ತಾರೆ. ಆಗ ಎರಡನೆಯ ಪ್ರಶ್ನೆ ಬರುತ್ತದೆ, ‘ಹಾಗಾದ್ರೆ ಯಾಕೆ ಆಡ್ತಾರೆ?’

ನನಗೆ ಮುಖ್ಯ ಅನಿಸುವುದು ಮೂರನೆಯ ಪ್ರಶ್ನೆ. ಅದನ್ನು ಯಾರೂ ಕೇಳುವುದಿಲ್ಲ. ಸಂಬಳವಿಲ್ಲದಿದ್ದರೂ ವರ್ಷಗಟ್ಟಲೆ ಆಡುವುದು ಅವರಿಗೆ ಹೇಗೆ ಸಾಧ್ಯವಾಗುತ್ತದೆ?

ನಾನು ಪದವಿಯ ಮೂರೂ ವರ್ಷ ಕಾಲೇಜು ತಂಡದಲ್ಲಿ ಹ್ಯಾಂಡ್‌ಬಾಲ್ ಆಡಿದವಳು. ಈಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಹ್ಯಾಂಡ್‌ಬಾಲ್ ಎಂದರೆ ನಮ್ಮಲ್ಲಿ ಎಷ್ಟೋ ಜನ ವಾಲಿಬಾಲ್ ಎಂದೇ ತಿಳಿಯುತ್ತಾರೆ. ಬೀಚ್ ಹ್ಯಾಂಡ್‌ಬಾಲ್ ಅಂತೂ ಕೇಳುವುದೇ ಬೇಡ. ಹಾಗಾಗಿ ಮೊದಲು ಆಟದ ಬಗ್ಗೆ ನಾಲ್ಕು ಮಾತು.

ಹ್ಯಾಂಡ್‌ಬಾಲ್‌ನ ಈ ಮರಳಿನ ರೂಪ ಹುಟ್ಟಿದ್ದು 1990ರ ದಶಕದ ಆರಂಭದಲ್ಲಿ, ಇಟಲಿಯಲ್ಲಿ. ಅಂಕಣ 27 ಮೀಟರ್ ಉದ್ದ, 12 ಮೀಟರ್ ಅಗಲ. ಒಳಾಂಗಣ ಹ್ಯಾಂಡ್‌ಬಾಲ್‌ನಲ್ಲಿ ಒಂದು ತಂಡದಿಂದ ಏಳು ಮಂದಿ ಕಣದಲ್ಲಿದ್ದರೆ, ಇಲ್ಲಿ ಗೋಲ್‌ಕೀಪರ್ ಸೇರಿ ನಾಲ್ವರೇ. ಎಲ್ಲರದೂ ಬರಿಗಾಲು. ಮರಳಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ, ಹಾಗಾಗಿ ಪಾಸ್ ಕೊಡುವುದೇ ಆಟದ ಜೀವಾಳ. ಜಿಗಿದು ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿ ಹೊಡೆದ ಗೋಲಿಗೆ ಎರಡು ಅಂಕ. ಗಾಳಿಯಲ್ಲೇ ಪಾಸ್ ಹಿಡಿದು, ಕಾಲು ನೆಲ ಮುಟ್ಟುವ ಮೊದಲೇ ಹೊಡೆದರೂ ಎರಡು. ಗೋಲ್‌ಕೀಪರ್ ಗೋಲು ಹೊಡೆದರೂ ಎರಡು. ಹತ್ತು ನಿಮಿಷದ ಎರಡು ಅವಧಿಗಳು, ಪ್ರತಿ ಅವಧಿಯ ಲೆಕ್ಕವೂ ಬೇರೆ ಬೇರೆ. ಮೊದಲನೆಯದನ್ನು ಹತ್ತು ಅಂಕಗಳಿಂದ ಸೋತರೂ ಎರಡನೆಯದು ಸೊನ್ನೆಯಿಂದಲೇ ಶುರು. ಇಬ್ಬರೂ ಒಂದೊಂದು ಅವಧಿ ಗೆದ್ದರೆ ಶೂಟೌಟ್. ಡ್ರಾ ಎಂಬುದೇ ಇಲ್ಲ.

ನೋಡಲು ಇಷ್ಟು ಸೊಗಸಾದ ಆಟ ವರ್ಲ್ಡ್ ಗೇಮ್ಸ್‌ನಲ್ಲಿದೆ. 2018ರ ಬ್ಯೂನಸ್ ಐರಿಸ್ ಯೂತ್ ಒಲಿಂಪಿಕ್ಸ್‌ನಲ್ಲೂ ಇತ್ತು, ಡಚ್ ಹುಡುಗಿಯರ ತಂಡ ಅಲ್ಲಿ ಆಡಿತ್ತು. ಆದರೆ ದೊಡ್ಡವರ ಒಲಿಂಪಿಕ್ಸ್‌ಗೆ ಇದು ಇನ್ನೂ ಸೇರಿಲ್ಲ. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಕ್ಕೆ ಪ್ರಾಯೋಜಕರೂ ಕಡಿಮೆ, ದುಡ್ಡೂ ಕಡಿಮೆ. ನೆದರ್ಲೆಂಡ್ಸ್ ಇದಕ್ಕೆ ಹೊರತಲ್ಲ.

ಇನ್ನು ಅಲ್ಲಿನ ಹುಡುಗಿಯೊಬ್ಬಳು ಈ ಆಟಕ್ಕೆ ಬರುವ ದಾರಿ ನೋಡಿ. ಅದು ಶಾಲೆಯಿಂದ ಶುರುವಾಗುವುದಿಲ್ಲ, ಊರಿನ ಕ್ಲಬ್‌ನಿಂದ ಶುರುವಾಗುತ್ತದೆ. ಅಲ್ಲಿ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ತರಗತಿ ಇರುತ್ತದೆ. ಆದರೆ ತಂಡ, ಲೀಗ್, ಪಂದ್ಯ ಎಲ್ಲವೂ ಕ್ಲಬ್‌ನವು. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲೇ ಮಗು ಹತ್ತಿರದ ಕ್ಲಬ್‌ನ ಸದಸ್ಯೆಯಾಗುತ್ತದೆ, ಅಪ್ಪ–ಅಮ್ಮ ವಾರ್ಷಿಕ ಶುಲ್ಕ ಕಟ್ಟುತ್ತಾರೆ. ತರಬೇತಿ ಕೊಡುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಅದೇ ಕ್ಲಬ್‌ನ ದೊಡ್ಡ ಹುಡುಗಿಯರು ಚಿಕ್ಕವರಿಗೆ ಕಲಿಸುತ್ತಾರೆ. ಪಂದ್ಯದ ದಿನ ಕ್ಯಾಂಟೀನ್‌ನಲ್ಲಿ ಕಾಫಿ ಕೊಡುವುದೂ ಸದಸ್ಯರ ಪಾಳಿಯೇ. ಅಲ್ಲಿ ಆಡುವವರಿಗೆ ವಯಸ್ಸಿನ ಮಿತಿ ಇಲ್ಲ. ಹತ್ತು ವರ್ಷದವಳಿಗೂ ತಂಡವಿದೆ, ಕೆಲಸ ಮುಗಿಸಿ ಸಂಜೆ ಬರುವ ಮೂವತ್ತೈದರ ತಾಯಿಗೂ ತಂಡವಿದೆ.

ಚೆನ್ನಾಗಿ ಆಡುವ ಮಕ್ಕಳ ಓದಿನ ಕಥೆ ಏನು? ಅಲ್ಲಿ 1991ರಿಂದಲೂ ಕ್ರೀಡಾ ಪ್ರತಿಭೆಗಳಿಗಾಗಿ ಹೊಂದಿಕೊಳ್ಳುವ ಶಾಲೆಗಳ ಒಂದು ಜಾಲವಿದೆ. ಈಗ ಅವನ್ನು ಟಾಪ್‌ಸ್ಪೋರ್ಟ್ ಟ್ಯಾಲೆಂಟ್ ಶಾಲೆಗಳು ಎನ್ನುತ್ತಾರೆ. ಅವು ಕ್ರೀಡೆಯನ್ನಷ್ಟೇ ಕಲಿಸುವ ಶಾಲೆಗಳಲ್ಲ, ಎಲ್ಲರೂ ಓದುವ ಮಾಮೂಲಿ ಶಾಲೆಗಳೇ. ವ್ಯತ್ಯಾಸ ಇಷ್ಟೇ: ಆಡುವ ವಿದ್ಯಾರ್ಥಿಗೆ ವೇಳಾಪಟ್ಟಿ ಬದಲಿಸಿಕೊಡುತ್ತಾರೆ, ಪಂದ್ಯಾವಳಿ ಇದ್ದರೆ ಪರೀಕ್ಷೆಯನ್ನು ಇನ್ನೊಂದು ದಿನಕ್ಕೆ ಹಾಕುತ್ತಾರೆ, ಅಂತಿಮ ಪರೀಕ್ಷೆಯ ವಿಷಯಗಳನ್ನು ಎರಡು ವರ್ಷಕ್ಕೆ ಹಂಚಿಕೊಳ್ಳಲೂ ಅವಕಾಶವಿದೆ. ಯುರೋಪಿಯನ್ ಒಕ್ಕೂಟವೂ 2012ರಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ರೂಪಿಸಿತು. ಆಟ ಮತ್ತು ಓದು, ಆಟ ಮತ್ತು ಉದ್ಯೋಗ ಜೊತೆಜೊತೆಗೆ ಸಾಗಬೇಕು ಎಂಬ ಈ ವಿಚಾರಕ್ಕೆ ಅಲ್ಲಿ ‘ಡ್ಯುಯಲ್ ಕೆರಿಯರ್’ ಎಂಬ ಹೆಸರಿದೆ.

ಹದಿನಾರು, ಹದಿನೇಳರ ಹೊತ್ತಿಗೆ ಹುಡುಗಿಯ ಮುಂದೆ ಎರಡು ದಾರಿ ತೆರೆದುಕೊಳ್ಳುತ್ತದೆ. ಒಂದು, ಒಳಾಂಗಣ ಹ್ಯಾಂಡ್‌ಬಾಲ್. ಅದರಲ್ಲಿ ಡಚ್ಚರು ದೊಡ್ಡ ಹೆಸರು ಮಾಡಿದ್ದಾರೆ. ಆರ್ನೆಮ್ ನಗರದ ಬಳಿಯ ಪಾಪೆಂಡಾಲ್ ಕ್ರೀಡಾ ಕೇಂದ್ರದಲ್ಲಿ ಹ್ಯಾಂಡ್‌ಬಾಲ್ ಅಕಾಡೆಮಿ ಇದೆ. ಡಚ್ ಮಹಿಳೆಯರು 2019ರಲ್ಲಿ ಜಪಾನಿನ ಕುಮಾಮೊಟೊದಲ್ಲಿ ಸ್ಪೇನ್ ತಂಡವನ್ನು 30–29ರಿಂದ ಸೋಲಿಸಿ ವಿಶ್ವ ಚಾಂಪಿಯನ್ನರಾದರು. ಈ ದಾರಿ ಹಿಡಿದವರು ಮುಂದೆ ಜರ್ಮನಿ, ಡೆನ್ಮಾರ್ಕ್, ಫ್ರಾನ್ಸ್, ಹಂಗರಿಯ ಕ್ಲಬ್‌ಗಳಲ್ಲಿ ಸಂಬಳಕ್ಕೆ ಆಡಬಹುದು. ಇನ್ನೊಂದು, ಮರಳಿನ ಆಟ. ಒಳಾಂಗಣದ ಸೀಸನ್ ಮುಗಿದ ಮೇಲೆ ಬೇಸಿಗೆಯ ಕೆಲವೇ ತಿಂಗಳು ಇದರ ಕಾಲ. ಎರಡನ್ನೂ ಆಡುವವರು ಇದ್ದಾರೆ. ಆದರೆ ಮರಳನ್ನೇ ನೆಚ್ಚಿದವಳಿಗೆ ದೇಶದ ಜೆರ್ಸಿ ಸಿಗಬಹುದು, ಪದಕ ಸಿಗಬಹುದು, ತಿಂಗಳ ಕೊನೆಗೆ ಸಂಬಳ ಸಿಗುವುದಿಲ್ಲ.

ಇಲ್ಲಿಗೆ ಬಂದಾಗ ನಮ್ಮಲ್ಲಾದರೆ ಆಟ ನಿಲ್ಲುತ್ತಿತ್ತು. ಅಲ್ಲಿ ನಿಲ್ಲುವುದಿಲ್ಲ. ಅವರ ಛಲ ನಮಗಿಂತ ದೊಡ್ಡದು ಎಂದು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಬಸ್ ಹಿಡಿದು, ಮೈದಾನಕ್ಕೆ ಬಂದು, ಒಂಬತ್ತಕ್ಕೆ ತರಗತಿಯಲ್ಲಿ ಕೂರುತ್ತಿದ್ದ ನನ್ನ ಜೊತೆಗಾತಿಯರ ಛಲ ನಾನು ಕಂಡಿದ್ದೇನೆ. ವ್ಯತ್ಯಾಸ ಇರುವುದು ಉದ್ಯೋಗದ ಲೆಕ್ಕಾಚಾರದಲ್ಲಿ.

ಯುರೋಪಿಯನ್ ಒಕ್ಕೂಟದಲ್ಲೇ ಅರೆಕಾಲಿಕ ಕೆಲಸ ಮಾಡುವವರ ಪ್ರಮಾಣ ಅತಿ ಹೆಚ್ಚಿರುವುದು ನೆದರ್ಲೆಂಡ್ಸ್‌ನಲ್ಲಿ. ಶಿಕ್ಷಕಿ, ನರ್ಸ್, ಕಚೇರಿ ನೌಕರೆ ವಾರಕ್ಕೆ ಮೂರು ಅಥವಾ ನಾಲ್ಕು ದಿನ ಕೆಲಸ ಮಾಡುವುದು ಅಲ್ಲಿ ತೀರಾ ಸಾಮಾನ್ಯ. ಕೆಲಸದ ಗಂಟೆ ಕಡಿಮೆ ಎಂಬ ಕಾರಣಕ್ಕೆ ನೌಕರರಲ್ಲಿ ತಾರತಮ್ಯ ಮಾಡಬಾರದು ಎಂದು 1996ರಲ್ಲೇ ಕಾನೂನು ಬಂತು. ಕೆಲಸದ ಗಂಟೆಗಳನ್ನು ಕಡಿಮೆ ಮಾಡಿಕೊಡಿ ಎಂದು ಕೇಳುವ ಹಕ್ಕು 2000ದಲ್ಲಿ ಬಂತು, 2016ರಲ್ಲಿ ಅದು ಇನ್ನಷ್ಟು ವಿಸ್ತಾರವಾಯಿತು. ಹತ್ತು ಮತ್ತು ಹೆಚ್ಚು ನೌಕರರಿರುವ ಕಡೆ ಗಟ್ಟಿ ಕಾರಣವಿಲ್ಲದೆ ಮಾಲೀಕರು ಇದನ್ನು ನಿರಾಕರಿಸುವಂತಿಲ್ಲ. ವರ್ಷಕ್ಕೆ ಕನಿಷ್ಠ ನಾಲ್ಕು ವಾರದ ಸಂಬಳ ಸಹಿತ ರಜೆಯೂ ಕಾನೂನಿನಲ್ಲೇ ಇದೆ. ಬೇಸಿಗೆಯ ಒಂದು ಪಂದ್ಯಾವಳಿಗೆ ಅಷ್ಟು ರಜೆ ಸಾಕು.

ಈ ಕಾನೂನುಗಳು ಆಟಗಾರ್ತಿಯರಿಗಾಗಿ ಬಂದವಲ್ಲ. ಮನೆ, ಮಕ್ಕಳು, ಕೆಲಸ ಮೂರನ್ನೂ ತೂಗಿಸುವ ತಾಯಂದಿರ ಪ್ರಶ್ನೆ ಅವುಗಳ ಹಿಂದಿತ್ತು. ಅರೆಕಾಲಿಕ ಕೆಲಸಕ್ಕೆ ಅದರದೇ ಕೊರತೆಯೂ ಇದೆ, ಸಂಬಳ ಕಡಿಮೆ, ಮುಂದೆ ಪಿಂಚಣಿಯೂ ಕಡಿಮೆ. ಆದರೂ ಆ ಮರದ ನೆರಳು ಆಟಗಾರ್ತಿಗೂ ಸಿಕ್ಕಿತು. ನಾಲ್ಕು ದಿನ ಕೆಲಸ, ಸಂಜೆ ಎರಡು ಅಥವಾ ಮೂರು ದಿನ ಅಭ್ಯಾಸ, ವಾರಾಂತ್ಯ ಪಂದ್ಯ. ಚಳಿಗಾಲದಲ್ಲಿ ಉತ್ತರ ಸಮುದ್ರದ ದಂಡೆಯಲ್ಲಿ ಬರಿಗಾಲಲ್ಲಿ ನಿಲ್ಲಲಾಗದು ಎಂದು ಅವರು ಮರಳನ್ನೇ ಸೂರಿನಡಿಗೆ ತಂದಿದ್ದಾರೆ. ಹೇಗ್ ನಗರದ ಝೌಡರ್‌ಪಾರ್ಕ್‌ನಲ್ಲಿ 2017ರಲ್ಲಿ ತೆರೆದ ಕ್ರೀಡಾ ಸಂಕೀರ್ಣದಲ್ಲಿ ಮರಳಿನ ಆಟಗಳಿಗೆಂದೇ ಒಂದು ಒಳಾಂಗಣವಿದೆ.

ಹೊಟ್ಟೆಪಾಡು ಆಟದ ಮೇಲೆ ನಿಂತಿಲ್ಲದಿದ್ದರೆ ಇನ್ನೊಂದು ಲಾಭವೂ ಇದೆ ಎಂದು ನನಗೆ ಅನಿಸುತ್ತದೆ. ಬೀಚ್ ಹ್ಯಾಂಡ್‌ಬಾಲ್‌ನಲ್ಲಿ ಮಹಿಳೆಯರು ಬಿಕಿನಿ ತೊಟ್ಟೇ ಆಡಬೇಕೆಂಬ ನಿಯಮ ಬಹುಕಾಲ ಇತ್ತು. ಪುರುಷರಿಗೆ ಮಾತ್ರ ಚಡ್ಡಿ. ಡಚ್ ಹುಡುಗಿಯರೂ ಸೇರಿ ಎಲ್ಲ ದೇಶದವರಿಗೂ ಇದೇ ಕಟ್ಟಳೆ. 2021ರಲ್ಲಿ ಬಲ್ಗೇರಿಯಾದ ವಾರ್ನಾದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ನಾರ್ವೆಯ ಮಹಿಳೆಯರು ಬೇಕೆಂದೇ ಚಡ್ಡಿ ತೊಟ್ಟು ಆಡಿದರು. 1,500 ಯೂರೊ ದಂಡ ಬಿತ್ತು. ಜಗತ್ತಿನಾದ್ಯಂತ ಟೀಕೆ ಎದ್ದಿತು. ಅದೇ ವರ್ಷ ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಒಕ್ಕೂಟ ನಿಯಮವನ್ನೇ ಬದಲಿಸಿತು. ಈ ಆಟವೇ ಅವರ ಅನ್ನವಾಗಿದ್ದರೆ ಅಷ್ಟು ಧೈರ್ಯ ಅಷ್ಟು ಸಲೀಸಾಗಿ ಬರುತ್ತಿತ್ತೇ? ಸಂಬಳ ಕೊಡದವರು ಸಂಬಳ ನಿಲ್ಲಿಸುತ್ತೇವೆ ಎಂದು ಹೆದರಿಸಲಾರರು.

ಈಗ ನಮ್ಮ ಕಡೆ ನೋಡೋಣ. ನಮ್ಮಲ್ಲಿ ಹ್ಯಾಂಡ್‌ಬಾಲ್‌ನಂಥ ಆಟಗಳು ಬಹುಪಾಲು ನಿಂತಿರುವುದು ಶಾಲೆ, ಕಾಲೇಜುಗಳ ಮೇಲೆ. ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ ಪಂದ್ಯಗಳೇ ನಮ್ಮ ಲೀಗ್. ಕೊನೆಯ ಸೆಮಿಸ್ಟರ್ ಮುಗಿದ ದಿನ ಆಡುವ ಅರ್ಹತೆಯೂ ಮುಗಿಯುತ್ತದೆ, ಮೈದಾನದ ಗೇಟೂ ಮುಚ್ಚುತ್ತದೆ. ನನ್ನ ಜೊತೆ ಆಡಿದ ಹನ್ನೊಂದು ಹುಡುಗಿಯರಲ್ಲಿ ಇವತ್ತು ಒಬ್ಬಳ ಕೈಯಲ್ಲೂ ಚೆಂಡಿಲ್ಲ. ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಇಬ್ಬರಿಗೆ ಮದುವೆಯಾಗಿದೆ, ಉಳಿದವರು ನನ್ನ ಹಾಗೆ ಕೋಚಿಂಗ್ ಸೆಂಟರ್‌ಗಳಲ್ಲಿ. ಯಾರೂ ಬೇಸರವಾಗಿ ಬಿಟ್ಟವರಲ್ಲ. ಆಡಲು ಜಾಗವೇ ಉಳಿಯಲಿಲ್ಲ.

ಕ್ರೀಡಾ ಕೋಟಾ ಇದೆಯಲ್ಲ ಎನ್ನಬಹುದು. ಇದೆ, ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಅದು ಇರಲೇಬೇಕು. ಆದರೆ ಅದೊಂದೇ ಇದ್ದಾಗ ಆಟ ಎಂಬುದು ಸರ್ಟಿಫಿಕೇಟ್ ಆಗಿಬಿಡುತ್ತದೆ. ಕೆಲಸ ಸಿಕ್ಕರೆ ಆಡಿದ್ದು ಸಾರ್ಥಕ, ಸಿಗದಿದ್ದರೆ ಅಷ್ಟೂ ವರ್ಷ ದಂಡ. ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ದೊಡ್ಡಪ್ಪ ಪ್ರೀತಿಯಿಂದಲೇ ಕೇಳುತ್ತಾರೆ, ‘ಅಷ್ಟೆಲ್ಲ ಆಡಿದ್ಯಲ್ಲಮ್ಮ, ಅದ್ರಿಂದ ಏನ್ ಸಿಕ್ತು?’ ಓದಿದ ಕಾದಂಬರಿಗೆ, ಕಲಿತ ಹಾಡಿಗೆ ಯಾರೂ ಹೀಗೆ ಲೆಕ್ಕ ಕೇಳುವುದಿಲ್ಲ. ಆಟಕ್ಕೆ ಮಾತ್ರ ಕೇಳುತ್ತಾರೆ.

ನೆದರ್ಲೆಂಡ್ಸ್ ಶ್ರೀಮಂತ ದೇಶ, ಅಲ್ಲಿ ವಾರಕ್ಕೆ ಮೂರು ದಿನ ದುಡಿದರೂ ಬದುಕಬಹುದು, ಇಲ್ಲಿ ಆರು ದಿನ ದುಡಿದರೂ ಬಾಡಿಗೆಗೆ ಸಾಲದು ಎಂಬ ಮಾತು ನಿಜ. ಒಂದು ಹುದ್ದೆಗೆ ನೂರಾರು ಜನ ಅರ್ಜಿ ಹಾಕುವ ಕಡೆ ಗಂಟೆ ಕಡಿಮೆ ಮಾಡಿ ಎಂದು ಕೇಳುವವರು ಯಾರು? ಸೂರಿನಡಿಯ ಮರಳಂಕಣವನ್ನು ನಾನು ಕೇಳುತ್ತಿಲ್ಲ. ಕಾರವಾರದಿಂದ ತಲಪಾಡಿಯವರೆಗೆ ನಮಗೆ ಮರಳಿಗೇನೂ ಬರವಿಲ್ಲ. ನಾನು ಹೇಳುವುದು ದುಡ್ಡು ಹೆಚ್ಚು ಬೇಡದ ಸಂಗತಿಗಳ ಬಗ್ಗೆ. ಪಂದ್ಯಕ್ಕೆ ಹೋದ ವಿದ್ಯಾರ್ಥಿನಿಯ ಇಂಟರ್ನಲ್ ಪರೀಕ್ಷೆಯನ್ನು ಇನ್ನೊಂದು ದಿನ ನಡೆಸಲು ಏನು ಖರ್ಚು? ಈಗ ಅದಕ್ಕಾಗಿ ಮೂರು ಮೇಜುಗಳ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಕಾಲೇಜಿನ ಮೈದಾನವನ್ನು ಭಾನುವಾರ ಬೆಳಿಗ್ಗೆ ಎರಡು ಗಂಟೆ ಹಳೆಯ ವಿದ್ಯಾರ್ಥಿಗಳಿಗೆ ತೆರೆದಿಡಲು ಏನು ಖರ್ಚು? ಒಬ್ಬ ಕಾವಲುಗಾರ, ಒಂದು ಬೀಗದ ಕೈ.

ಇನ್ನೂ ಒಂದು ಮಾತು, ಉದ್ಯೋಗ ಹುಡುಕುತ್ತಿರುವ ನನ್ನಂಥವರಿಗೆ. ಕೆಲಸ ಸಿಗುವವರೆಗೆ ಎಲ್ಲವನ್ನೂ ಪಕ್ಕಕ್ಕಿಡಬೇಕು ಎಂದು ನಮಗೆ ನಾವೇ ಹೇಳಿಕೊಂಡಿದ್ದೇವೆ. ಅಧಿಸೂಚನೆ ಬರುವುದು ಯಾವಾಗ, ಪರೀಕ್ಷೆ ನಡೆಯುವುದು ಯಾವಾಗ, ಫಲಿತಾಂಶ ಬರುವುದು ಯಾವಾಗ, ಯಾವುದೂ ನಮ್ಮ ಕೈಯಲ್ಲಿಲ್ಲ. ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗಿನ ದೇಹ ಮಾತ್ರ ಆ ಫಲಿತಾಂಶಕ್ಕಾಗಿ ಕಾಯುವುದಿಲ್ಲ. ದಿನಕ್ಕೆ ಹನ್ನೆರಡು ತಾಸು ಲೈಬ್ರರಿಯಲ್ಲಿ ಕುಳಿತವನಿಗೆ ವಾರಕ್ಕೆ ಎರಡು ತಾಸು ಆಡಿದ್ದಕ್ಕೆ ಹುದ್ದೆ ತಪ್ಪುವುದಿಲ್ಲ.

ಆಟದಿಂದ ಅನ್ನ ಹುಟ್ಟದಿದ್ದರೂ ಆಟ ಉಳಿಯಬಹುದು ಎಂಬುದನ್ನು ಆ ಡಚ್ ಹುಡುಗಿಯರು ತೋರಿಸಿದ್ದಾರೆ. ಅದಕ್ಕೆ ಅವರಿಗೆ ಕ್ಲಬ್ ಇದೆ, ಶಾಲೆಯ ಸಹಕಾರವಿದೆ, ಕಾನೂನಿದೆ. ನಮಗೆ ಸದ್ಯಕ್ಕೆ ಅವು ಯಾವುವೂ ಇಲ್ಲ, ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ನಮ್ಮ ಹಳೆಯ ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ನಾನೊಂದು ಸಂದೇಶ ಹಾಕಿದ್ದೇನೆ: ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರೂವರೆ. ಏಳು ಜನ ಬಂದರೆ ಒಳ್ಳೆಯದು. ನಾಲ್ವರೇ ಬಂದರೂ ಮರಳಿನ ಆಟದ ಲೆಕ್ಕದಲ್ಲಿ ಅದೊಂದು ಪೂರ್ತಿ ತಂಡ.