ಬೆಟ್ಟಕ್ಕೆ ಬಾಗಿಲು

ನಮ್ಮ ಮಾತಿನಲ್ಲಿ ಮುಂಜಾವಿನ ಕಣಿವೆಯನ್ನು ಮುಸುಕುವುದೂ ಮಂಜು, ಗರಿಕೆಯ ತುದಿಯಲ್ಲಿ ಹನಿಯಾಗಿ ನಿಲ್ಲುವುದೂ ಮಂಜು, ಹಿಮಾಲಯದ ನೆತ್ತಿಯಲ್ಲಿ ವರ್ಷವಿಡೀ ಕರಗದೆ ಕುಳಿತಿರುವುದೂ ಮಂಜೇ. ಒಂದೇ ಹೆಸರಿನಲ್ಲಿ ಮೂರನ್ನೂ ಮುಗಿಸಿಬಿಟ್ಟ ನಮಗೆ, ಹಿಮದ ಇಳಿಜಾರಿನಲ್ಲಿ ಜಾರುತ್ತ ದಿನ ಕಳೆಯುವ ಆಟ ದೂರದವರ ಸಂಗತಿಯೆಂದು ತೋರುವುದು ಸಹಜವೇ. ಆದರೆ ಅದು ಈಗ ಅಷ್ಟು ದೂರದ್ದಾಗಿ ಉಳಿದಿಲ್ಲ. ಅಮೆರಿಕದಲ್ಲಿ ನೆಲಸಿದ ಕನ್ನಡದ ಮನೆಗಳ ಮಕ್ಕಳೂ ಚಳಿಗಾಲ ಬಂತೆಂದರೆ ಕಾಲಿಗೆ ಸ್ಕೀ ಕಟ್ಟಿಕೊಳ್ಳುತ್ತಾರೆ. ಇಲ್ಲಿನ ಅಜ್ಜ ಅಜ್ಜಿಯರು ಆ ಚಿತ್ರಗಳನ್ನು ನೋಡಿ ಹಿಗ್ಗುತ್ತಾರೆ, ಎಲ್ಲಿ ಬಿದ್ದಾರೋ ಎಂದು ಹೆದರುತ್ತಲೂ ಇರುತ್ತಾರೆ. ಬಿದ್ದ ಮಕ್ಕಳು ಎದ್ದಾರು. ಬೆಟ್ಟದ ಬುಡಕ್ಕೇ ಬರಲಾರದ ಮಕ್ಕಳ ವಿಷಯವಾಗಿ ನಾನು ಇಲ್ಲಿ ಎರಡು ಮಾತು ಹೇಳಬೇಕೆಂದಿದ್ದೇನೆ.

ಸ್ಕೀ ಎಂಬ ಪದ ಉತ್ತರ ಯೂರೋಪಿನ ಹಳೆಯ ನಾರ್ಸ್ ಭಾಷೆಯದು. ಸೀಳಿದ ಮರದ ತುಂಡು ಎಂದು ಅದರ ಅರ್ಥ. ಹಿಮ ಬಿದ್ದು ದಾರಿ ಮುಚ್ಚಿಹೋದಾಗ ಬೇಟೆಗೆ, ನೆರೆಯೂರಿಗೆ ಹೋಗಿಬರಲು ಬಡವರು ಕಂಡುಕೊಂಡ ಉಪಾಯವದು. ಅದನ್ನು ಆಟದ ಮಟ್ಟಕ್ಕೆ ಏರಿಸಿದವರಲ್ಲಿ ಮೊದಲಿಗನೆಂದು ಹೆಸರಾದ ಸೊಂಡ್ರೆ ನೂರ್‌ಹೈಮ್ ಕೂಡ ನಾರ್ವೆಯ ಟೆಲಿಮಾರ್ಕ್ ಸೀಮೆಯ ಬಡ ಒಕ್ಕಲು. ಹೀಗೆ ಹುಟ್ಟಿನಿಂದ ಈ ಆಟಕ್ಕೆ ಸಿರಿವಂತಿಕೆಯ ನಂಟಿಲ್ಲ.

ದೊಡ್ಡ ಹಿಮಗಿರಿಯೊಂದರಲ್ಲಿ ಒಂದು ಕುಟುಂಬ ಕಳೆಯುವ ದಿನವನ್ನು ವಾಚಕರು ಸ್ವಲ್ಪ ಊಹಿಸಿಕೊಳ್ಳಬೇಕು. ಕಲ್ಲಿನಂತೆ ಬಿರುಸಾದ ಬೂಟು ತೊಟ್ಟು ಎಲ್ಲರೂ ತಟ್ಟಾಡುತ್ತ ನಡೆಯುತ್ತಾರೆ. ಐದು ವರ್ಷದ ಕೂಸು ತಾನಾಗಿ ಸರಿಯುವ ರತ್ನಗಂಬಳಿಯಂಥ ಪಟ್ಟಿಯ ಮೇಲೆ ನಿಂತು ಪುಟ್ಟ ದಿಬ್ಬವನ್ನೇರುತ್ತದೆ. ಸ್ಕೀಗಳ ಮೊನೆಯನ್ನು ಒಟ್ಟಿಗೆ ತಂದು ಹಿಂಬದಿಯನ್ನು ಅಗಲಿಸಿದರೆ ವೇಗ ತಗ್ಗುತ್ತದೆ. ಆ ಆಕಾರಕ್ಕೆ ಅಲ್ಲಿನ ಶಿಕ್ಷಕರು ಮಕ್ಕಳಿಗೆ ತಿಳಿಯಲೆಂದು ಪಿಜ್ಜಾದ ತುಂಡು ಎಂದು ಹೆಸರಿಟ್ಟಿದ್ದಾರೆ. ಹಸಿರು ವೃತ್ತದ ಗುರುತಿನ ದಾರಿ ಹೊಸಬರಿಗೆ, ನೀಲಿ ಚೌಕದ್ದು ಪಳಗಿದವರಿಗೆ, ಕಪ್ಪು ವಜ್ರದ್ದು ನಿಪುಣರಿಗೆ. ಮಧ್ಯಾಹ್ನದ ಹೊತ್ತಿಗೆ ಮಗಳು ನೀಲಿ ದಾರಿಯಲ್ಲಿ ಬಾಣದಂತೆ ಇಳಿದು, ಕೆಳಗೆ ನಿಂತು, ಹಸಿರು ದಾರಿಯಲ್ಲಿ ಮೂರನೆಯ ಸಲ ಬಿದ್ದ ತಂದೆಗಾಗಿ ಕಾಯುತ್ತಿರುತ್ತಾಳೆ.

ಈ ಕಾಯುವಿಕೆಯಲ್ಲಿ ಒಂದು ದೊಡ್ಡ ಶಿಕ್ಷಣವಿದೆ ಎಂದು ನನಗೆ ತೋರುತ್ತದೆ. ಮನೆಯಲ್ಲಿ, ಶಾಲೆಯಲ್ಲಿ ಹಿರಿಯರು ಬಲ್ಲವರು, ಕಿರಿಯರು ಕಲಿಯುವವರು. ಹಿಮದ ಮೇಲೆ ಈ ವ್ಯವಸ್ಥೆ ತಲೆಕೆಳಗಾಗುತ್ತದೆ. ಮಗುವಿನ ದೇಹ ಹಗುರ, ಅಂಜಿಕೆ ಕಡಿಮೆ. ಅದು ಬೇಗ ಕಲಿಯುತ್ತದೆ. ತಂದೆಯಾದವನು ಮಗಳಿಂದ ಪಾಠ ಹೇಳಿಸಿಕೊಳ್ಳಬೇಕಾಗುತ್ತದೆ. ಮಗಳು ತಂದೆಯ ವಿಷಯದಲ್ಲಿ ತಾಳ್ಮೆ ತಂದುಕೊಳ್ಳಬೇಕಾಗುತ್ತದೆ. ಗುರು ಶಿಷ್ಯರು ಸ್ಥಾನ ಬದಲಿಸಿಯೂ ಪ್ರೀತಿ ಕೆಡದ ಇಂಥ ಸಂದರ್ಭಗಳು ಸಂಸಾರದಲ್ಲಿ ಎಷ್ಟು ಬಂದಾವು?

ಸ್ನೋಬೋರ್ಡಿನ ಹುಟ್ಟೂ ಮನೆಯಂಗಳದಲ್ಲಿಯೇ. 1965ರ ಕ್ರಿಸ್‌ಮಸ್ ದಿನ ಮಿಶಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಶರ್ಮನ್ ಪಾಪನ್ ಎಂಬಾತ ತನ್ನ ಹೆಣ್ಣುಮಕ್ಕಳ ಆಟಕ್ಕಾಗಿ ಎರಡು ಸ್ಕೀಗಳನ್ನು ಒಂದಕ್ಕೊಂದು ಜೋಡಿಸಿಕೊಟ್ಟ. ಆತನ ಹೆಂಡತಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟಳು. ಆ ಹಲಗೆಯೇ ಬೆಳೆದು, 1977ರಲ್ಲಿ ಜೇಕ್ ಬರ್ಟನ್ ಎಂಬ ತರುಣ ವರ್ಮಾಂಟಿನಲ್ಲಿ ತೆರೆದ ಕಾರ್ಖಾನೆಯ ಕೈಯಲ್ಲಿ ತಿದ್ದಿಕೊಂಡು, 1998ರ ನಾಗಾನೊ ಒಲಿಂಪಿಕ್ಸಿನವರೆಗೆ ಹೋಯಿತು. ನಡುವೆ ಎಷ್ಟೋ ಬೆಟ್ಟಗಳ ಒಡೆಯರು ಈ ಹಲಗೆಯವರನ್ನು ಪುಂಡರೆಂದು ಹೊರಗಿಟ್ಟರು. ಹೊರಗಿಡುವ ಚಪಲ ಎಲ್ಲ ಆಟಗಳಿಗೂ ಒಮ್ಮೆ ಅಂಟುವ ರೋಗವೆಂದು ಕಾಣುತ್ತದೆ. ಈಗ ಹಲಗೆಯವರಿಗೆ ಬಾಗಿಲು ತೆರೆದಿದೆ, ಬರಿಗೈಯವರಿಗೆ ಮುಚ್ಚುತ್ತಿದೆ.

ಕೊಲೊರಾಡೊ ರಾಜ್ಯದ ವೇಲ್ ಪರ್ವತವನ್ನೇ ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧದಲ್ಲಿ ಪರ್ವತ ಸೈನಿಕನಾಗಿದ್ದು ಇಟಲಿಯಲ್ಲಿ ತೀವ್ರವಾಗಿ ಗಾಯಗೊಂಡ ಪೀಟ್ ಸೈಬರ್ಟ್ ಎಂಬುವನನ್ನು, ಆ ಸೀಮೆಯ ಮೂಲೆಮೂಲೆಯನ್ನೂ ಬಲ್ಲ ಅರ್ಲ್ ಈಟನ್ ಎಂಬುವನು 1957ರಲ್ಲಿ ಅದರ ನೆತ್ತಿಗೆ ಕರೆದೊಯ್ದ. ಇಬ್ಬರೂ ಹೊರಗಿನವರ ಹಣ ಕೂಡಿಸಿ ಕಣಿವೆಯ ನೆಲವನ್ನು ದನಗಾಹಿ ಒಕ್ಕಲುಗಳಿಂದ ಕೊಂಡರು. ಬೆಟ್ಟವನ್ನು ಮಾತ್ರ ಕೊಳ್ಳಲಿಲ್ಲ, ಕೊಳ್ಳುವಂತೆಯೂ ಇರಲಿಲ್ಲ. ಅದು ವೈಟ್ ರಿವರ್ ರಾಷ್ಟ್ರೀಯ ಅರಣ್ಯಕ್ಕೆ ಸೇರಿದ, ಎಂದರೆ ಪ್ರಜೆಗಳೆಲ್ಲರ ಸೊತ್ತು. ಸರ್ಕಾರದ ಅರಣ್ಯ ಇಲಾಖೆಯಿಂದ ಪರವಾನಗಿ ಪಡೆದು 1962ರ ಡಿಸೆಂಬರಿನಲ್ಲಿ ಆಟ ಆರಂಭಿಸಿದರು. ಅಂದು ಒಂದು ದಿನದ ಚೀಟಿಗೆ 5 ಡಾಲರು. ಬೆಲೆಯೇರಿಕೆಯ ಲೆಕ್ಕದಲ್ಲಿ ಅದು ಇಂದಿನ ಸುಮಾರು 50 ಡಾಲರಿಗೆ ಸಮ. ಇಂದು ಹಬ್ಬದ ದಿನಗಳಲ್ಲಿ ಅಲ್ಲಿಯೇ ನಿಂತು ಕೊಳ್ಳುವ ಚೀಟಿಗೆ 300 ಡಾಲರಿಗೂ ಮೇಲೆ. ಮಕ್ಕಳ ರಿಯಾಯಿತಿ ಕಳೆದರೂ ನಾಲ್ವರ ಮನೆಗೆ ಒಂದು ದಿನಕ್ಕೆ ಸಾವಿರ ಡಾಲರಿನ ಆಸುಪಾಸು. ಸ್ಕೀ ಬಾಡಿಗೆ, ಊಟ, ವಸತಿ ಇದಕ್ಕೆ ಹೊರತು.

ಕಂಪನಿಯ ಪರವಾಗಿ ಹೇಳಬೇಕಾದ ಮಾತೂ ಉಂಟು. 1936ರಲ್ಲಿ ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಮೊದಲ ಕುರ್ಚಿ ಸಾಲು ಬೆಟ್ಟವೇರಿತು; ಹಡಗಿಗೆ ಬಾಳೆಗೊನೆ ತುಂಬುವ ಕೊಕ್ಕೆಗಳ ಸಾಲನ್ನು ಕಂಡ ರೈಲ್ವೆ ಇಂಜಿನಿಯರ್ ಜೇಮ್ಸ್ ಕರನ್ನನಿಗೆ ಆ ಉಪಾಯ ಹೊಳೆಯಿತು. ಬಾಳೆಗೊನೆಯ ಜಾಗದಲ್ಲಿ ಮನುಷ್ಯನನ್ನು ಕೂರಿಸಿದ ಈ ಯಂತ್ರದಿಂದಲೇ ಮೊಣಕಾಲು ಸೋತ ಅಜ್ಜಿಯೂ ಶಿಖರ ಕಂಡಳು. ಯಂತ್ರಕ್ಕೆ, ಹಿಮಪಾತದ ಕಾವಲಿಗೆ, ಗಾಯಗೊಂಡವರ ಶುಶ್ರೂಷೆಗೆ ಹಣ ಬೇಕೇ ಬೇಕು. ಇಡೀ ಋತುವಿನ ಪಾಸನ್ನು ಮುಂಗಡವಾಗಿ ಕೊಂಡರೆ ದಿನದ ವೆಚ್ಚ ಎಷ್ಟೋ ಇಳಿಯುತ್ತದೆಂಬುದೂ ನಿಜ; 2008ರಿಂದ ಈಚೆಗೆ ಈ ಏರ್ಪಾಟು ಬಲವಾಗಿ ಬೇರೂರಿದೆ.

ಆದರೆ ಈ ಅನುಕೂಲ ಯಾರಿಗೆ? ವರ್ಷಕ್ಕೆ ಹತ್ತಾರು ದಿನ ಬೆಟ್ಟಕ್ಕೆ ಹೋಗಬಲ್ಲವರಿಗೆ, ಚಳಿಗಾಲದ ಹಣವನ್ನು ಬೇಸಿಗೆಯಲ್ಲಿಯೇ ತೆಗೆದಿಡಬಲ್ಲವರಿಗೆ. ಒಬ್ಬ ಶಾಲಾ ಉಪಾಧ್ಯಾಯಿನಿ, ಒಬ್ಬ ಬಸ್ಸಿನ ಚಾಲಕ, ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಬರುವವರು, ತಮ್ಮದೇ ಬೆಟ್ಟದ ಬುಡದಲ್ಲಿ ಅತ್ಯಂತ ದುಬಾರಿಯ ಚೀಟಿ ಕೊಳ್ಳಬೇಕು, ಇಲ್ಲವೇ ಹಿಂದಿರುಗಬೇಕು. ಕಡಿಮೆ ಇದ್ದವನಿಂದ ಹೆಚ್ಚು ಕೇಳುವ ಈ ಲೆಕ್ಕ ವ್ಯಾಪಾರಕ್ಕೆ ಒಪ್ಪಬಹುದು, ನ್ಯಾಯಕ್ಕೆ ಒಪ್ಪದು.

ನಮ್ಮ ಹಳ್ಳಿಗಳಲ್ಲಿ ಗೋಮಾಳವೆಂಬುದಿತ್ತು. ಇನ್ನೂ ಅಲ್ಲಲ್ಲಿ ಉಳಿದಿದೆ. ಒಂದು ಹಸು ಇದ್ದವನಿಗೂ ನೂರು ಹಸು ಇದ್ದವನಿಗೂ ಅದರ ಹುಲ್ಲಿನ ಮೇಲೆ ಹಕ್ಕು. ಅದನ್ನು ಯಾರೋ ಚೊಕ್ಕಟಗೊಳಿಸಿ, ಬಾವಿ ತೋಡಿಸಿ, ಬೇಲಿ ಹಾಕಿ, ಒಳಗೆ ಬಿಡಲು ಕಾಸು ಕೇಳಿದರೆ, ಬಾವಿಯ ಖರ್ಚನ್ನು ಕೊಡೋಣವೆಂದು ಊರು ಒಪ್ಪೀತು. ಒಂಟಿ ಹಸುವಿನವನು ಹೊರಗುಳಿಯಲೆಂದರೆ ಒಪ್ಪಲಾರದು. ಅಮೆರಿಕದಲ್ಲಿ 120ಕ್ಕೂ ಹೆಚ್ಚು ಸ್ಕೀ ತಾಣಗಳು ಇಂಥ ಸಾರ್ವಜನಿಕ ಅರಣ್ಯದ ಮೇಲಿವೆ. 1986ರ ಕಾನೂನು ಅವಕ್ಕೆ 40 ವರ್ಷದವರೆಗೂ ಪರವಾನಗಿ ಕೊಡಲು ಅವಕಾಶ ಮಾಡಿದೆ. ಅವು ಸರ್ಕಾರಕ್ಕೆ ಸಲ್ಲಿಸುವ ಶುಲ್ಕದ ದರ, ಆದಾಯದ ಮಟ್ಟಕ್ಕೆ ತಕ್ಕಂತೆ, ನೂರಕ್ಕೆ ಒಂದೂವರೆಯಿಂದ ನಾಲ್ಕರವರೆಗೆ. ಇಷ್ಟು ಉದಾರವಾದ ಗೇಣಿಗೆ ಪ್ರತಿಯಾಗಿ, ಪ್ರತಿ ಚಳಿಗಾಲದಲ್ಲಿ ಕೆಲವು ದಿನ ಸಾಮಾನ್ಯ ಕುಟುಂಬದ ಕೈಗೆಟಕುವ ಬೆಲೆಗೆ ಚೀಟಿ ಕೊಡತಕ್ಕದ್ದೆಂದು ಪರವಾನಗಿಯಲ್ಲಿಯೇ ಬರೆದರೆ ಕಂಪನಿ ಮುಳುಗೀತೆ?

ಬೇರೆ ದಾರಿಗಳೂ ಇಲ್ಲದಿಲ್ಲ. ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್ ಎಂಬ ಬೆಟ್ಟವನ್ನು 1995ರಿಂದ ಆಟಗಾರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸುತ್ತಿದ್ದಾರೆ. ಅಲ್ಲಿ ವೈಭವವಿಲ್ಲ, ಒಬ್ಬೊಬ್ಬರನ್ನೇ ಏರಿಸುವ ಹಳೆಯ ಕುರ್ಚಿಯಿದೆ. ಆದರೆ ಈ ಸಹಕಾರಿಗಳೂ ಸ್ನೋಬೋರ್ಡಿನವರನ್ನು ಇಂದಿಗೂ ಒಳಗೆ ಬಿಡುವುದಿಲ್ಲವೆಂಬುದು ಮನುಷ್ಯಸ್ವಭಾವದ ವಿಚಿತ್ರ! ಫ್ರಾನ್ಸಿನಲ್ಲಿ 1950ರ ದಶಕದಲ್ಲಿಯೇ ನಗರದ ಶಾಲೆಗಳು ತರಗತಿಗೆ ತರಗತಿಯನ್ನೇ, ಉಪಾಧ್ಯಾಯರ ಸಮೇತ, ಕೆಲವು ವಾರಗಳ ಕಾಲ ಹಿಮದ ಊರಿಗೆ ಕಳಿಸತೊಡಗಿದವು. ದಿನದ ಒಂದು ಹೊತ್ತು ಪಾಠ, ಒಂದು ಹೊತ್ತು ಸ್ಕೀ. ಕಾರ್ಖಾನೆಯ ಕೂಲಿಕಾರನ ಮಗನೂ ಆಲ್ಪ್ಸ್ ಪರ್ವತವನ್ನು ಕಾಲಿನಿಂದ ತಿಳಿದುಕೊಂಡ.

ಆಟ ತಾನೆ, ಅನ್ನವಲ್ಲವಲ್ಲ, ಉಳ್ಳವರು ಆಡಿಕೊಳ್ಳಲಿ ಎನ್ನುವವರಿದ್ದಾರೆ. ಹಾಗೆಯೇ ಪುಸ್ತಕ ತಾನೆ, ಸಂಗೀತ ತಾನೆ ಎಂದೂ ಹೇಳಬಹುದು. ತಂದೆ ತಾಯಿ ಮಕ್ಕಳು ಒಂದೇ ಇಳಿಜಾರಿನಲ್ಲಿ ಬಿದ್ದು, ನಕ್ಕು, ಒಬ್ಬರ ಕೈ ಹಿಡಿದು ಒಬ್ಬರು ಏಳುವ ಅವಕಾಶವನ್ನು ಹಣವಿದ್ದವರ ಮನೆಗಷ್ಟೇ ಮೀಸಲಿಟ್ಟ ನಾಡು, ತನ್ನ ಮಕ್ಕಳಲ್ಲಿಯೇ ಎರಡು ಪಂಕ್ತಿ ಹಾಕಿದಂತೆ. ಹಿಮ ಬೀಳುವಾಗ ಯಾರ ಚೀಟಿಯನ್ನೂ ಕೇಳುವುದಿಲ್ಲ. ಆ ಹಿಮವನ್ನು ಹೊತ್ತ ಬೆಟ್ಟ ಪ್ರಜೆಗಳದೆಂದು ಕಾಗದದಲ್ಲಿರುವ ಮಾತು, ವರ್ಷದ ಕೆಲವು ದಿನವಾದರೂ ಬಾಗಿಲ ಬಳಿ ನಿಜವಾಗಬೇಕು.